ಹೈಡಿ, 1974: ‘ಏನೂ ನಡೆಯದ’ ಎಪಿಸೋಡ್‌ಗಳನ್ನು ನೋಡುವ ಬಗೆ

ಅನಿಮೇಷನ್ ಕಲಿಯುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಹಳೆಯ ಮಕ್ಕಳ ಸರಣಿ ಒಂದನ್ನು ಮೊದಲಿಂದ ಕೊನೆವರೆಗೆ ನೋಡಿ, ಪ್ರತಿ ಎಪಿಸೋಡ್ ಆದ ಮೇಲೆ ಅರ್ಧ ಪುಟ ಬರೆದಿಟ್ಟುಕೊಂಡೆ. ಅದರಲ್ಲಿ ನಿಮಗೂ ಉಪಯೋಗ ಆಗುವಷ್ಟನ್ನು ಇಲ್ಲಿ ಹಾಕುತ್ತಿದ್ದೇನೆ. ಸರಣಿ ಜಪಾನಿನ ‘ಆಲ್ಪ್ಸ್‌ನ ಹುಡುಗಿ ಹೈಡಿ’. 1974ರ ಜನವರಿ 6ರಿಂದ ಡಿಸೆಂಬರ್ 29ರವರೆಗೆ, ಭಾನುವಾರ ಸಂಜೆ ಏಳೂವರೆಗೆ, ಫ್ಯೂಜಿ ಟಿವಿಯಲ್ಲಿ ಬಂತು. ಒಟ್ಟು 52 ಎಪಿಸೋಡ್.

ಕಥೆ ನಿಮಗೆ ಗೊತ್ತಿರಬಹುದು. ಸ್ವಿಸ್ ಲೇಖಕಿ ಜೊಹಾನ್ನಾ ಸ್ಪೀರಿ 1880 ಮತ್ತು 1881ರಲ್ಲಿ ಎರಡು ಭಾಗವಾಗಿ ಬರೆದದ್ದು. ಅಪ್ಪ ಅಮ್ಮ ಇಲ್ಲದ ಐದು ವರ್ಷದ ಹುಡುಗಿಯನ್ನು ಚಿಕ್ಕಮ್ಮ ಡೇಟೆ ತಂದು ಬೆಟ್ಟದ ಮೇಲೆ ಒಬ್ಬನೇ ಇರುವ ಅಜ್ಜನ ಹತ್ತಿರ ಬಿಡುತ್ತಾಳೆ. ಅಲ್ಲಿ ಆಡು ಮೇಯಿಸುವ ಪೀಟರ್ ಜೊತೆಯಾಗುತ್ತಾನೆ. ಆಮೇಲೆ ಅದೇ ಚಿಕ್ಕಮ್ಮ ಬಂದು ಅವಳನ್ನು ಫ್ರಾಂಕ್‌ಫರ್ಟಿನ ಒಂದು ಶ್ರೀಮಂತ ಮನೆಗೆ ಕರೆದೊಯ್ಯುತ್ತಾಳೆ, ನಡೆಯಲಾಗದ ಕ್ಲಾರಾಗೆ ಜೊತೆಗಾತಿಯಾಗಿ. ಹೈಡಿ ಅಲ್ಲಿ ಕೊರಗಿ ಕಾಯಿಲೆ ಬೀಳುತ್ತಾಳೆ, ಬೆಟ್ಟಕ್ಕೆ ವಾಪಸ್ ಬರುತ್ತಾಳೆ, ಕೊನೆಗೆ ಕ್ಲಾರಾ ಕೂಡ ಬೆಟ್ಟಕ್ಕೆ ಬಂದು ನಡೆಯುತ್ತಾಳೆ. ಇಷ್ಟೇ. ಇಷ್ಟು ಚಿಕ್ಕ ಕಥೆಯನ್ನು 52 ವಾರ ಎಳೆದರೂ ಬೇಸರ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೇ ನಾನು ಹುಡುಕಿದ ಪ್ರಶ್ನೆ.

ಮಾಡಿದವರ ಬಗ್ಗೆ ಸ್ವಲ್ಪ. ನಿರ್ದೇಶನ ಇಸಾವೊ ತಕಾಹತ. ಪಾತ್ರಗಳ ರೂಪ ಕೊಟ್ಟು ಅನಿಮೇಷನ್ ಮೇಲ್ವಿಚಾರಣೆ ಮಾಡಿದವರು ಯೋಇಚಿ ಕೊತಾಬೆ. ಲೇಔಟ್ (ಅದೇನು ಅಂತ ಮುಂದೆ ಹೇಳುತ್ತೇನೆ) ಹಯಾವೊ ಮಿಯಾಝಾಕಿ. ಮೂವರೂ ಮೊದಲು ಟೋಯಿ ಅನ್ನುವ ಅನಿಮೇಷನ್ ಸ್ಟುಡಿಯೋದಲ್ಲಿ ಒಟ್ಟಿಗೆ ಇದ್ದವರು. ತಕಾಹತ ಮತ್ತು ಮಿಯಾಝಾಕಿ ಸೇರಿ ಘಿಬ್ಲಿ ಅನ್ನುವ ತಮ್ಮದೇ ಸ್ಟುಡಿಯೋ ಕಟ್ಟಿದ್ದು 1985ರಲ್ಲಿ, ಅಂದರೆ ಇದಾಗಿ ಹನ್ನೊಂದು ವರ್ಷಕ್ಕೆ. ಇನ್ನೊಂದು ಹೆಸರು ನೋಡಿ ನನಗೆ ತುಂಬಾ ಖುಷಿಯಾಯಿತು: ಹಲವು ಎಪಿಸೋಡ್‌ಗಳ ಸ್ಟೋರಿಬೋರ್ಡ್, ಅಂದರೆ ಶಾಟ್‌ಗಳ ಚಿತ್ರಯೋಜನೆ, ಮಾಡಿದ್ದು ಯೋಶಿಯುಕಿ ತೊಮಿನೊ, 1979ರಲ್ಲಿ ಗುಂಡಮ್ ಸರಣಿ ಮಾಡಿದವರು. ದೈತ್ಯ ರೋಬೋಗಳ ಯುದ್ಧ ಕಟ್ಟಿದ ಕೈಯೇ ಆಡು ಮೇಯುವ ಹುಲ್ಲುಗಾವಲನ್ನೂ ಶಾಟ್ ಶಾಟ್ ಆಗಿ ಯೋಚಿಸಿತ್ತು.

ಈಗ ಮೊದಲ ಎಪಿಸೋಡ್‌ಗೆ ಬರೋಣ. ಇದನ್ನು ನಾನು ನಾಲ್ಕು ಸಲ ನೋಡಿದೆ. ಹೆಚ್ಚುಕಮ್ಮಿ ಇಡೀ ಎಪಿಸೋಡ್ ಬೆಟ್ಟ ಹತ್ತುವುದೇ. ಡೇಟೆ ಹೈಡಿಯ ಕೈ ಹಿಡಿದು ಏರುತ್ತಿದ್ದಾಳೆ. ಬಟ್ಟೆಯ ಗಂಟು ಹೊರುವುದು ತಪ್ಪಲಿ ಅಂತ ಇರುವ ಬಟ್ಟೆಯನ್ನೆಲ್ಲ ಮಗುವಿನ ಮೈಮೇಲೇ ಹಾಕಿಬಿಟ್ಟಿದ್ದಾಳೆ, ಒಂದರ ಮೇಲೊಂದು. ಬಿಸಿಲು ಬೇರೆ. ಹೈಡಿಯ ಮುಖ ಕೆಂಪಾಗಿದೆ, ಕೈಗಳು ಮೈಗೆ ಅಂಟದೆ ಸ್ವಲ್ಪ ದೂರಕ್ಕೆ ಚಾಚಿಕೊಂಡಿವೆ, ಹೆಜ್ಜೆ ಅಡ್ಡಡ್ಡ ಬೀಳುತ್ತದೆ. ದಪ್ಪ ಬಟ್ಟೆ ತೊಡಿಸಿದ ಮಗು ಹೇಗೆ ನಡೆಯುತ್ತದೆ ಅಂತ ನೀವು ನೋಡಿರುತ್ತೀರಿ, ಅಲ್ವಾ? ಹಾಗೇ ಇದೆ. ಆಮೇಲೆ ಪೀಟರ್ ಮತ್ತು ಅವನ ಆಡುಗಳು ಸಿಗುತ್ತವೆ. ಆಡುಗಳು ಜಿಗಿಯುತ್ತಾ ಹೋಗುತ್ತವೆ, ಇವಳಿಂದ ಆಗುವುದಿಲ್ಲ. ನಿಂತು ಒಂದೊಂದೇ ಬಟ್ಟೆ ಬಿಚ್ಚುತ್ತಾಳೆ. ಕೊನೆಗೆ ಒಳಗಿನ ಬಿಳಿ ಅಂಗಿ ಮಾತ್ರ ಉಳಿದು, ಆಡುಗಳ ಜೊತೆ ಓಡುತ್ತಾಳೆ.

ಈ ಪ್ರಸಂಗ ಪುಸ್ತಕದಲ್ಲೂ ಇದೆ. ಆದರೆ ಅಲ್ಲಿ ಓದಿ ಮುಂದೆ ಹೋಗುತ್ತೇವೆ. ಇಲ್ಲಿ ಹತ್ತು ಹದಿನೈದು ನಿಮಿಷ ಆ ಭಾರವನ್ನು ನಮ್ಮ ಮೈಗೂ ಹತ್ತಿಸಿದ್ದಾರೆ, ಹಾಗಾಗಿ ಅವಳು ಬಿಚ್ಚಿ ಎಸೆದಾಗ ನಮ್ಮ ಹೆಗಲೂ ಹಗುರ ಆಗುತ್ತದೆ. ‘ಹೈಡಿಗೆ ಬೆಟ್ಟದಲ್ಲಿ ಸ್ವಾತಂತ್ರ್ಯ ಸಿಕ್ಕಿತು’ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತಿಗಿಂತ ಮೊದಲು ಮೈಯಿಂದ ಹೇಳುವುದು, ನನ್ನ ಮಟ್ಟಿಗೆ ಈ ಸರಣಿಯ ಗುಟ್ಟು ಇದು. ಮುಂದಿನ ಐವತ್ತೊಂದು ಎಪಿಸೋಡ್‌ನಲ್ಲೂ ನೀವು ಇದನ್ನೇ ಹಿಡಿದುಕೊಂಡು ನೋಡಿ.

ಇಲ್ಲಿ ತಾಂತ್ರಿಕ ವಿಷಯ ಒಂದು ಹೇಳಲೇಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ ಬೇಕು, ಮೂರು ಫ್ರೇಮ್ ಹಿಡಿದರೆ 8 ಸಾಕು. ಜಪಾನಿನ ಟಿವಿಯಲ್ಲಿ 1963ರಲ್ಲಿ ಆಸ್ಟ್ರೊ ಬಾಯ್ ಅನ್ನುವ ಕಾರ್ಟೂನ್ ಸರಣಿ ವಾರವಾರ ಅರ್ಧ ಗಂಟೆಗೆ ಬರಲು ಶುರುವಾದಾಗಿನಿಂದ ಈ ಉಳಿತಾಯವೇ ದಾರಿಯಾಯಿತು: ಮೂರರ ಲೆಕ್ಕ, ನಿಂತ ಚಿತ್ರದಲ್ಲಿ ಬಾಯಿ ಮಾತ್ರ ಆಡಿಸುವುದು, ಹಿನ್ನೆಲೆಯನ್ನು ಸರಿಸಿ ಓಟ ತೋರಿಸುವುದು. ಇದಕ್ಕೆ ಲಿಮಿಟೆಡ್ ಅನಿಮೇಷನ್ ಅಂತಾರೆ. ಹೊಡೆದಾಟದ ಕಥೆಗೆ ಇದು ಒಗ್ಗುತ್ತದೆ, ಒಂದು ಏಟು, ಒಂದು ಮಿಂಚು, ಮುಗಿಯಿತು. ಆದರೆ ಮಗು ರೊಟ್ಟಿ ತಿನ್ನುವುದನ್ನು ಹಾಗೆ ತೋರಿಸಲು ಆಗುವುದಿಲ್ಲ. ತಿನ್ನುವುದು ಎಲ್ಲರಿಗೂ ಗೊತ್ತು, ಸ್ವಲ್ಪ ಸುಳ್ಳಾದರೂ ಕಣ್ಣು ಹಿಡಿದುಬಿಡುತ್ತದೆ. ದಿನನಿತ್ಯದ ಕೆಲಸದ ಚಿತ್ರ ಬರೆಯುವುದು ಯುದ್ಧದ ಚಿತ್ರ ಬರೆಯುವುದಕ್ಕಿಂತ ಕಷ್ಟ. ಇದು ನನಗೆ ಈ ಸರಣಿ ನೋಡಿದ ಮೇಲೆಯೇ ಅರ್ಥವಾದದ್ದು.

ಎರಡನೇ ಎಪಿಸೋಡ್ ಇದಕ್ಕೆ ಪಾಠ ಇದ್ದ ಹಾಗೆ. ಹೈಡಿ ಅಜ್ಜನ ಗುಡಿಸಿಲ ಒಳಗೆ ಬರುತ್ತಾಳೆ, ಮಲಗುವ ಜಾಗ ಹುಡುಕುತ್ತಾಳೆ, ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಾಳೆ. ಅಲ್ಲಿ ಒಣಹುಲ್ಲಿನ ರಾಶಿ, ಒಂದು ದುಂಡನೆಯ ಕಿಟಕಿ. ಅಲ್ಲೇ ಮಲಗುತ್ತೇನೆ ಅನ್ನುತ್ತಾಳೆ. ಇಬ್ಬರೂ ಸೇರಿ ಹುಲ್ಲು ಒಟ್ಟಿ ಮೇಲೆ ಬಟ್ಟೆ ಹಾಸುತ್ತಾರೆ. ಆಮೇಲೆ ಊಟ. ಅಜ್ಜ ಚೀಸಿನ ದೊಡ್ಡ ತುಂಡನ್ನು ಉದ್ದ ಕಡ್ಡಿಗೆ ಚುಚ್ಚಿ ಬೆಂಕಿಯ ಮುಂದೆ ಹಿಡಿಯುತ್ತಾನೆ, ತಿರುಗಿಸುತ್ತಾನೆ. ಚೀಸಿನ ಮೇಲ್ಮೈ ಹೊಳೆಯುತ್ತದೆ, ಅಂಚು ಮೆತ್ತಗಾಗಿ ಜೋಲುತ್ತದೆ, ಅದನ್ನು ರೊಟ್ಟಿಯ ಮೇಲೆ ಇಳಿಸುತ್ತಾನೆ. ಹೈಡಿ ಕಣ್ಣು ಕೀಳದೆ ನೋಡುತ್ತಾಳೆ. ನಾವೂ ಅಷ್ಟೇ.

ಆ ಚೀಸನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ನೋಡಿದೆ. ತುಂಬಾ ಚಿತ್ರಗಳೇನೂ ಇಲ್ಲ. ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು, ಅಂಚು ಜೋತು ಬೀಳುವುದು, ಅಷ್ಟೇ. ಎಲ್ಲಿ ಚಿತ್ರ ಖರ್ಚು ಮಾಡಬೇಕು, ಎಲ್ಲಿ ಸುಮ್ನೆ ನಿಲ್ಲಿಸಬೇಕು ಅನ್ನುವ ಲೆಕ್ಕ ಅಲ್ಲಿ ಕಾಣುತ್ತದೆ. ಮಾತಾಡುವಾಗ ಪಾತ್ರಗಳು ಹೆಚ್ಚು ಅಲುಗಾಡುವುದಿಲ್ಲ. ಕೈ ಏನನ್ನಾದರೂ ಮುಟ್ಟಿದ ಕೂಡಲೇ ಚಿತ್ರಗಳು ಜಾಸ್ತಿಯಾಗುತ್ತವೆ.

ಲೇಔಟ್ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಒಂದು ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿದೆ, ಬಾಗಿಲು ಎಲ್ಲಿದೆ, ಹುಡುಗಿ ಎಷ್ಟು ದೊಡ್ಡದಾಗಿ ಕಾಣಬೇಕು, ಎಲ್ಲಿಂದ ಎಲ್ಲಿಗೆ ಚಲಿಸಬೇಕು, ಇದನ್ನೆಲ್ಲ ತೋರಿಸುವ ಪೆನ್ಸಿಲ್ ಚಿತ್ರ ಅದು. ಅದನ್ನು ನೋಡಿ ಹಿನ್ನೆಲೆಯವರು ಹಿನ್ನೆಲೆ ಬರೆಯುತ್ತಾರೆ, ಅನಿಮೇಟರ್ ಪಾತ್ರ ಬರೆಯುತ್ತಾರೆ. ಸಾಮಾನ್ಯವಾಗಿ ಈ ಕೆಲಸ ಹಲವರ ಕೈಗೆ ಹಂಚಿಹೋಗುತ್ತಿತ್ತು. ಹೈಡಿಯಲ್ಲಿ ವರ್ಷಪೂರ್ತಿ ಅದನ್ನು ಮಿಯಾಝಾಕಿ ಒಬ್ಬರೇ ಹೊತ್ತುಕೊಂಡರು. ಪರಿಣಾಮ ನೋಡಿ: ಗುಡಿಸಿಲಲ್ಲಿ ಏಣಿ ಎಲ್ಲಿ, ಒಲೆ ಎಲ್ಲಿ, ಹಿಂದಿನ ಮೂರು ದೊಡ್ಡ ಮರಗಳು ಯಾವ ಕಡೆ, ಇದೆಲ್ಲ ಕೆಲವೇ ಎಪಿಸೋಡ್‌ನಲ್ಲಿ ನಮ್ಮ ಸ್ವಂತ ಮನೆಯಷ್ಟೇ ಪರಿಚಯ ಆಗಿಬಿಡುತ್ತದೆ.

ಇದರ ಹಿಂದೆ ಒಂದು ಪ್ರಯಾಣವೂ ಇದೆ. 1973ರ ಬೇಸಿಗೆಯಲ್ಲಿ ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಕಥೆ ನಡೆಯುವ ಮೈಯನ್‌ಫೆಲ್ಡ್ ಸುತ್ತಮುತ್ತ ಓಡಾಡಿ, ಸ್ಕೆಚ್ ಮಾಡಿಕೊಂಡು ಬಂದಿತು. ಟಿವಿ ಕಾರ್ಟೂನಿಗೋಸ್ಕರ ಬೇರೆ ದೇಶಕ್ಕೆ ಹೋಗಿ ಜಾಗ ನೋಡುವುದು ಆಗ ತುಂಬಾ ಅಪರೂಪದ ಕೆಲಸ. ಅಲ್ಲಿಂದ ಬಂದ ಒಂದು ಬದಲಾವಣೆ ನನಗೆ ಬಹಳ ಇಷ್ಟ. ಕೊತಾಬೆ ಮೊದಲು ಬರೆದ ಹೈಡಿಗೆ ಎರಡು ಜಡೆ ಇತ್ತು. ಯೋಚಿಸಿ, ಒಬ್ಬಂಟಿ ಮುದುಕನ ಮನೆಯಲ್ಲಿ ಐದು ವರ್ಷದ ಮಗುವಿಗೆ ದಿನಾ ಬೆಳಿಗ್ಗೆ ಜಡೆ ಹೆಣೆಯುವವರು ಯಾರು? ಆ ಪ್ರಶ್ನೆ ಎದ್ದ ಮೇಲೆ ಜಡೆ ಹೋಗಿ ಈಗ ನಾವು ನೋಡುವ ಚಿಕ್ಕ ಕೂದಲು ಬಂತು. ಪಾತ್ರದ ರೂಪ ಅಂದರೆ ಅಂದ ಮಾತ್ರ ಅಲ್ಲ, ಅವಳ ಬದುಕಿನಲ್ಲಿ ಯಾರಿದ್ದಾರೆ ಯಾರಿಲ್ಲ ಅನ್ನುವುದೂ ಅದರಲ್ಲಿ ಕಾಣಬೇಕು. ನಾನು ಬರೆಯುವ ಪ್ರತಿ ಪಾತ್ರಕ್ಕೂ ಈಗ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಪುಸ್ತಕ ಚಿಕ್ಕದು, ಎಪಿಸೋಡ್ ಜಾಸ್ತಿ. ಹಾಗಾಗಿ ಹೊಸದಾಗಿ ಸೇರಿಸಿದ್ದು ಬಹಳ ಇದೆ. ಜೋಸೆಫ್ ಅನ್ನುವ ದೊಡ್ಡ ಸೇಂಟ್ ಬರ್ನಾರ್ಡ್ ನಾಯಿ ಪುಸ್ತಕದಲ್ಲಿ ಇಲ್ಲ. ನಾಲ್ಕನೇ ಎಪಿಸೋಡ್‌ನಲ್ಲಿ ಸಿಗುವ ಹಕ್ಕಿಮರಿ ಪಿಚ್ಚಿಯೂ ಇಲ್ಲ. ಹೈಡಿ ಅದನ್ನು ಸಾಕುತ್ತಾಳೆ, ಚಳಿ ಬರುವ ಮುಂಚೆ ಎಂಟನೆಯದರಲ್ಲಿ ಅದು ಹಾರಿಹೋಗುತ್ತದೆ. ಹದಿನಾಲ್ಕು ಹದಿನೈದನೆಯದು ಪುಟ್ಟ ಬಿಳಿ ಆಡು ಯುಕಿಯದು. ಯುಕಿ ಅಂದರೆ ಜಪಾನಿಯಲ್ಲಿ ಹಿಮ. ಹಾಲು ಸಾಲದು ಅಂತ ಅದನ್ನು ಕಡಿಯಲು ಯಜಮಾನ ತೀರ್ಮಾನಿಸುತ್ತಾನೆ. ಮಕ್ಕಳು ಒಳ್ಳೆಯ ಸೊಪ್ಪು ಹುಡುಕಿ ತಿನ್ನಿಸುತ್ತಾರೆ. ಆಡಿನ ಹಾಲು, ಚೀಸು, ಬೆಣ್ಣೆ ಇಷ್ಟು ದಿನ ನಮ್ಮ ಕಣ್ಣಿಗೆ ಬರೀ ರುಚಿಯಾಗಿ ಕಂಡಿದ್ದವು. ಅದರ ಹಿಂದೆ ಬಡವರ ಲೆಕ್ಕಾಚಾರ ಇದೆ ಅಂತ ಇಲ್ಲಿ ಗೊತ್ತಾಗುತ್ತದೆ. ದನ ಕರು ಇರುವ ಮನೆಯಲ್ಲಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸೇರಿಸಿದ ಕಥೆಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ ಅನ್ನುತ್ತೇನೆ.

ಕೈಬಿಟ್ಟದ್ದೂ ಇದೆ. ಸ್ಪೀರಿಯ ಪುಸ್ತಕ ಪ್ರಾರ್ಥನೆ, ದೇವರು, ಕ್ಷಮೆ ಇವುಗಳಿಂದ ತುಂಬಿದೆ. ಅಲ್ಲಿ ಅಜ್ಜ ಊರವರ ಜೊತೆ ಮತ್ತೆ ಸೇರುವುದು ಚರ್ಚಿಗೆ ಹೋಗುವ ಮೂಲಕ. ಸರಣಿಯಲ್ಲಿ ಧರ್ಮದ ಪಾಲು ತುಂಬಾ ಕಡಿಮೆ. ಹೈಡಿ ಶಾಲೆಗೆ ಹೋಗಲಿ ಅಂತ ಅಜ್ಜ ಕೆಳಗಿನ ಊರಿನಲ್ಲಿ ಒಂದು ಹಾಳುಮನೆಯನ್ನು ದುರಸ್ತಿ ಮಾಡುತ್ತಾನೆ, ಚಳಿಗಾಲಕ್ಕೆ ಇಳಿದು ಬರುತ್ತಾನೆ. ಅವನ ಮನಸ್ಸು ಬದಲಾದದ್ದು ಇಲ್ಲೂ ಕೈಕೆಲಸದಿಂದಲೇ ಗೊತ್ತಾಗುತ್ತದೆ. ಪುಸ್ತಕ ಇಷ್ಟಪಡುವವರಿಗೆ ಇದು ನಷ್ಟ ಅನ್ನಿಸಬಹುದು. ಟಿವಿಗೆ ಇದು ಸರಿಯಾದ ಆಯ್ಕೆ ಅಂತ ನನ್ನ ಅಭಿಪ್ರಾಯ.

ಫ್ರಾಂಕ್‌ಫರ್ಟ್ ಭಾಗ ಹತ್ತೊಂಬತ್ತರಿಂದ ಶುರು. ಬಣ್ಣ ಕಂದು, ಗೋಡೆ ಎತ್ತರ, ಕಿಟಕಿಯಾಚೆ ಬರೀ ಗೋಡೆ. ಮನೆಯ ಮೇಲ್ವಿಚಾರಕಿ ರೊಟೆನ್‌ಮೈಯರ್ ಅವಳನ್ನು ಹೈಡಿ ಅನ್ನದೆ ಪೂರ್ತಿ ಹೆಸರು ಹಿಡಿದು ಆಡೆಲ್‌ಹೈಡ್ ಅನ್ನುತ್ತಾಳೆ. ಬೆಟ್ಟದಲ್ಲಿ ಬಿಚ್ಚಿ ಎಸೆದ ಬಟ್ಟೆ ಇಲ್ಲಿ ಬೇರೆ ರೂಪದಲ್ಲಿ ಮತ್ತೆ ಮೈಮೇಲೆ ಬರುತ್ತದೆ: ಶೂ, ನಿಲುವು, ಊಟದ ಮೇಜಿನ ರೀತಿ. ಪೀಟರನ ಕುರುಡು ಅಜ್ಜಿಗೆ ಗಟ್ಟಿ ಕಪ್ಪು ರೊಟ್ಟಿ ಅಗಿಯಲು ಆಗುವುದಿಲ್ಲ ಅಂತ ಹೈಡಿ ಮೆತ್ತನೆಯ ಬಿಳಿ ಬ್ರೆಡ್ಡನ್ನು ಕಪಾಟಿನಲ್ಲಿ ಕೂಡಿಡುತ್ತಾಳೆ. ಮೊದಲ ಹದಿನೆಂಟು ಎಪಿಸೋಡ್‌ನಲ್ಲಿ ರೊಟ್ಟಿಯನ್ನು ಅಷ್ಟು ಹತ್ತಿರದಿಂದ ತೋರಿಸಿದ್ದರಿಂದಲೇ ಆ ಬ್ರೆಡ್ಡು ಕಸಕ್ಕೆ ಹೋದಾಗ ಅಷ್ಟು ನೋವಾಗುವುದು. ಮಧ್ಯದ ಬೆಕ್ಕಿನಮರಿಯ ಗಲಾಟೆ ಸ್ವಲ್ಪ ಉದ್ದವಾಯಿತು, ರೊಟೆನ್‌ಮೈಯರ್ ಕಿರುಚುವುದು ಕೂಡ. ಆದರೆ ಮೂವತ್ತಮೂರನೆಯದನ್ನು ಬಿಡಬೇಡಿ. ರಾತ್ರಿ ಮನೆಯಲ್ಲಿ ದೆವ್ವ ಓಡಾಡುತ್ತಿದೆ ಅಂತ ಎಲ್ಲರೂ ಹೆದರುತ್ತಾರೆ. ಅದು ನಿದ್ದೆಯಲ್ಲಿ ನಡೆಯುತ್ತಿರುವ ಹೈಡಿ. ಬಾಯಲ್ಲಿ ಹೇಳದೆ ನುಂಗಿಕೊಂಡದ್ದನ್ನು ಕಾಲು ಹೇಳುತ್ತಿದೆ.

ಕೊನೆಯ ಭಾಗ ಕ್ಲಾರಾಳದು, ಇದರಲ್ಲೂ ಮೈಯದೇ ಕಥೆ. ಪುಸ್ತಕದಲ್ಲಿ ಪೀಟರ್ ಹೊಟ್ಟೆಕಿಚ್ಚಿನಿಂದ ಗಾಲಿಕುರ್ಚಿಯನ್ನು ಬೆಟ್ಟದಿಂದ ಉರುಳಿಸುತ್ತಾನೆ. ಸರಣಿಯಲ್ಲಿ ಆ ಹೊಟ್ಟೆಕಿಚ್ಚನ್ನು ತೆಗೆದಿದ್ದಾರೆ. ಇಲ್ಲಿ ಹಸು ಹತ್ತಿರ ಬಂದಾಗ ಕ್ಲಾರಾ ಗಾಬರಿಯಿಂದ ತನಗೇ ಗೊತ್ತಿಲ್ಲದೆ ಒಂದು ಕ್ಷಣ ಎದ್ದು ನಿಲ್ಲುತ್ತಾಳೆ. ಆಮೇಲೆ ಅಭ್ಯಾಸ, ನೋವು, ಹೆದರಿಕೆ, ಇನ್ನು ಬೇಡ ಅನ್ನುವ ಹಟ. ಐವತ್ತನೆಯದರಲ್ಲಿ ಹೈಡಿ ಸಿಟ್ಟಿಗೆದ್ದು ಬೈದು, ಅಳುತ್ತಾ ಓಡುತ್ತಾಳೆ, ಅವಳನ್ನು ತಡೆಯಲು ಹೋಗಿ ಕ್ಲಾರಾ ನಿಂತುಬಿಟ್ಟಿರುತ್ತಾಳೆ. ಇಷ್ಟು ದಿನ ನಗುತ್ತಲೇ ಇದ್ದ ಹುಡುಗಿ ಗೆಳತಿಗೆ ಬೈಯುವುದು ಇಲ್ಲಿ ಕೆಟ್ಟದಾಗಿ ಕಾಣುವುದಿಲ್ಲ, ಯಾಕೆಂದರೆ ಅವಳ ಆಸೆ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ನಡಿಗೆಯನ್ನು ಪವಾಡದ ಹಾಗೆ ಒಮ್ಮೆಲೇ ತೋರಿಸದೆ, ಮೊಣಕಾಲು ನಡುಗುವುದು, ಭಾರ ಒಂದು ಪಾದದಿಂದ ಇನ್ನೊಂದಕ್ಕೆ ದಾಟುವುದು, ಬೀಳುವುದು, ಎಲ್ಲವನ್ನೂ ತೋರಿಸುತ್ತಾರೆ. ಮೊದಲ ಎಪಿಸೋಡ್‌ನ ಬಟ್ಟೆ ಬಿಚ್ಚುವ ಹುಡುಗಿಯನ್ನು ನೋಡಿದ ಕೂಡಲೇ ಇದನ್ನು ಹಾಕಿ ನೋಡಿ. ಬರೆದ ಕೈಗಳಿಗೆ ಭಾರ ಅಂದರೆ ಏನು ಅಂತ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಸಮಯ ಕಡಿಮೆ ಇದ್ದವರು 1, 2, 15, 33, 34, 50 ಇಷ್ಟನ್ನಾದರೂ ನೋಡಿ. ಮೊದಲ ಸಲ ಸುಮ್ನೆ ನೋಡಿ, ಎರಡನೇ ಸಲ ಧ್ವನಿ ತೆಗೆದು ನೋಡಿ. ಆಮೇಲೆ ಒಂದು ಕೆಲಸ: ಸ್ಕ್ರೀನ್ ಆಫ್ ಮಾಡಿ, ನೆನಪಿನಿಂದಲೇ ಅಜ್ಜನ ಗುಡಿಸಿಲಿನ ಒಳಗಿನ ನಕ್ಷೆ ಬರೆಯಿರಿ. ಬಾಗಿಲು, ಒಲೆ, ಮೇಜು, ಏಣಿ, ಅಟ್ಟದ ದುಂಡು ಕಿಟಕಿ. ಬರೆದ ಮೇಲೆ ಎರಡನೇ ಎಪಿಸೋಡ್ ಹಾಕಿ ತಾಳೆ ನೋಡಿ. ನಾನು ಬರೆದದ್ದರಲ್ಲಿ ಏಣಿಯ ಜಾಗ ಒಂದೇ ತಪ್ಪಿತ್ತು.