ತಯಾರಕ, ವಿತರಕ, ಅವಕಾಶವಾದ: ಹಣ ಹಾಕಿದವನು ಯಾಕೆ ಸಿಕ್ಕಿಬೀಳುತ್ತಾನೆ?

ತಯಾರಕ ಮತ್ತು ವಿತರಕರ ನಡುವಿನ ಮೋಸ, ನಂಬಿಕೆ ಬಗೆಗಿನ ಈ ಪಾಠ ನನಗೆ ಮೂರನೇ ಓದಿಗೆ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಒಂದು ದೇಶದ ತಯಾರಕ, ಇನ್ನೊಂದು ದೇಶದ ವಿತರಕ, ಹಲವು ವರ್ಷಗಳ ವ್ಯವಹಾರ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಅವಕಾಶವಾದ. ತನ್ನ ಲಾಭ ನೋಡಿಕೊಳ್ಳುವುದೆಲ್ಲ ಅವಕಾಶವಾದ ಅಲ್ಲ. ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ 1975ರಲ್ಲಿ ಕೊಟ್ಟ ಅರ್ಥದಲ್ಲಿ ಸ್ವಾರ್ಥದ ಜೊತೆ ಕಪಟವೂ ಇರಬೇಕು. ವಿತರಕ ‘ಮಾರ್ಜಿನ್ (ಮಾರಾಟದಲ್ಲಿ ನನ್ನ ಪಾಲು) ಜಾಸ್ತಿ ಕೊಡಿ’ ಅಂತ ನೇರವಾಗಿ ಕೇಳಿದರೆ ಅದು ಬರೀ ಚೌಕಾಸಿ. ಸರಕು ಚೆನ್ನಾಗಿ ಓಡುತ್ತಿದ್ದರೂ ‘ಮಾರಾಟ ಬಿದ್ದಿದೆ’ ಅಂತ ಸುಳ್ಳು ವರದಿ ಕಳಿಸಿ ಕೇಳಿದರೆ ಅವಕಾಶವಾದ. ಒಪ್ಪಿಕೊಂಡ ಸರ್ವಿಸ್ ಕೆಲಸವನ್ನು ಸದ್ದಿಲ್ಲದೆ ಕಡಿಮೆ ಮಾಡುವುದೂ ಅದೇ.

ಇನ್ನು ನಾನು ಎಡವಿದ ಜಾಗ. ಯಾರು ಜಾಸ್ತಿ ಹಣ ಹಾಕಿದ್ದಾರೋ ಅವರದೇ ಮೇಲುಗೈ ಅಂದುಕೊಂಡಿದ್ದೆ. ಆಗುವುದು ತದ್ವಿರುದ್ಧ.

ವಿತರಕ 100 ಖರ್ಚು ಮಾಡಿದ ಅಂತ ಇಟ್ಟುಕೊಳ್ಳೋಣ. ಗೋದಾಮು, ಲಾರಿಗೆ ಹೋದದ್ದು 70. ಅದನ್ನು ನಾಳೆ ಬೇರೆ ಕಂಪನಿಯ ಸರಕಿಗೂ ಬಳಸಬಹುದು. ಉಳಿದ 30 ಈ ತಯಾರಕನ ಯಂತ್ರಕ್ಕಷ್ಟೇ ಹೊಂದುವ ಉಪಕರಣ, ತರಬೇತಿ, ಈ ಬ್ರ್ಯಾಂಡಿನ ಜಾಹೀರಾತಿಗೆ ಹೋಗಿದೆ. ಸಂಬಂಧ ಮುರಿದರೆ 70 ಉಳಿಯುತ್ತದೆ, 30 ನೀರುಪಾಲು. ಈಗ ತಯಾರಕ ಮಾರ್ಜಿನ್ ಕತ್ತರಿಸುತ್ತಾನೆ. ವಿತರಕನ ಕೈಗೆ 75ರಷ್ಟೇ ವಾಪಸ್ ಬರುತ್ತದೆ. ಅವನು ಬಿಟ್ಟುಹೋಗುತ್ತಾನಾ? ಇಲ್ಲ. ಹೊರಗೆ ಸಿಗುವುದು 70 ತಾನೇ! ಹಾಗಾಗಿ ಆ 30ರ ಬಹುಪಾಲನ್ನು ತಯಾರಕ ಹಿಂಡಿಕೊಳ್ಳಬಹುದು. ಕ್ಲೈನ್, ಕ್ರಾಫರ್ಡ್, ಆಲ್ಚಿಯನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1978ರಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ. ಹಣ ಹಾಕಿದವನು ಸಿಕ್ಕಿಬೀಳುತ್ತಾನೆ, ಹಿಂಡಿಕೊಳ್ಳುವ ಆಸೆ ಹುಟ್ಟುವುದು ಎದುರಿನವನಿಗೆ. ಈ ಎರಡನ್ನೂ ನಾನು ಒಬ್ಬನ ಮೇಲೇ ಹೊರಿಸಿ ಓದುತ್ತಿದ್ದೆ.

ಅದಕ್ಕೇ ಈಗ ಈ ಪಾಠದ ಪ್ರತಿ ಪ್ರಶ್ನೆಯಲ್ಲೂ ಮೊದಲು ಇದನ್ನು ಕೇಳಿಕೊಳ್ಳುತ್ತೇನೆ: ನಾಳೆ ಸಂಬಂಧ ಮುರಿದರೆ ಯಾರ ಹಣ ನೀರುಪಾಲು? ತಯಾರಕ ತನ್ನ ಸರಕನ್ನು ಆ ಒಂದು ಮಾರುಕಟ್ಟೆಗೆಂದೇ ಬದಲಾಯಿಸಿದ್ದಾನೆ, ಗ್ರಾಹಕರ ಪಟ್ಟಿಯೆಲ್ಲ ವಿತರಕನ ಕೈಲಿದೆ ಅನ್ನಿ. ಆಗ ಸಿಕ್ಕಿಬೀಳುವವನು ತಯಾರಕ. ಇಬ್ಬರ ಹಣವೂ ಹೋಗುವ ಹಾಗಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಒತ್ತೆ. ಆಗ ಮೋಸದ ಆಸೆ ತಾನಾಗಿಯೇ ತಗ್ಗುತ್ತದೆ.

ದೇಶದ ಗಡಿ ದಾಟಿದರೆ ಇದೆಲ್ಲ ಇನ್ನಷ್ಟು ಬಿಗಿಯಾಗುತ್ತದೆ. ದೂರದಿಂದ ನಿಗಾ ಇಡುವುದು ಕಷ್ಟ, ಮಾರಾಟ ಬಿದ್ದದ್ದು ಮಾರುಕಟ್ಟೆಯಿಂದಲೋ ಸೋಮಾರಿತನದಿಂದಲೋ ಗೊತ್ತಾಗುವುದಿಲ್ಲ. ಮಧ್ಯಸ್ಥಿಕೆಯ (ಕೋರ್ಟಿನ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥರು ಕೊಡುವ) ತೀರ್ಪನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸಲು 1958ರ ನ್ಯೂಯಾರ್ಕ್ ಒಪ್ಪಂದ ಇದೆ, ನಿಜ. ಆದರೆ ಮನಸ್ಸಿಟ್ಟು ಮಾರಲಿಲ್ಲ ಅನ್ನುವುದನ್ನು ಯಾರ ಮುಂದೆ ಹೇಗೆ ಸಾಬೀತು ಮಾಡುವುದು?

ನಂಬಿಕೆ ಬೇಕಾಗುವುದು ಇಲ್ಲಿ. ಅದರಲ್ಲಿ ಎರಡು ಭಾಗ: ಹೇಳಿದ್ದನ್ನು ಮಾಡುತ್ತಾನೆ ಅನ್ನುವುದು ಒಂದು, ನನ್ನ ಕೇಡು ಬಯಸುವುದಿಲ್ಲ ಅನ್ನುವುದು ಇನ್ನೊಂದು. ವ್ಯಾಪಾರದಲ್ಲಿ ನಂಬಿಕೆ ಅನ್ನುವುದೆಲ್ಲ ಲೆಕ್ಕಾಚಾರವೇ ಅಂತ ವಿಲಿಯಮ್ಸನ್ 1993ರಲ್ಲಿ ವಾದಿಸಿದರು. ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲ ಭಾಗಕ್ಕೆ ಆ ಮಾತು ಸರಿ. ಎರಡನೆಯದು ಮಾತ್ರ ಕಷ್ಟಕಾಲದಲ್ಲಿ ಎದುರಿನವರು ನಡೆದುಕೊಂಡ ರೀತಿಯಿಂದ ಬರುತ್ತದೆ ಅಲ್ವಾ?

ಇನ್ನೊಂದು ಗೊಂದಲ. ವ್ಯಾಪಾರ ಸಂಬಂಧಗಳಲ್ಲಿನ ನಂಬಿಕೆ ಬಗ್ಗೆ 1994ರಲ್ಲಿ ಬಂದ ಮಾರ್ಗನ್-ಹಂಟ್ ಮಾದರಿಯಲ್ಲಿ ಕಾರಣದಿಂದ ಪರಿಣಾಮಕ್ಕೆ ಎಳೆದ ಬಾಣ ಅವಕಾಶವಾದದಿಂದ ನಂಬಿಕೆಯ ಕಡೆಗಿದೆ: ಮೋಸ ಕಂಡರೆ ನಂಬಿಕೆ ಇಳಿಯುತ್ತದೆ. ಬೇರೆ ಅಧ್ಯಯನಗಳಲ್ಲಿ ಬಾಣ ತಿರುಗಿದೆ: ನಂಬಿಕೆ ಇದ್ದಲ್ಲಿ ಮೋಸ ಕಡಿಮೆ. ಸಂಬಂಧ ದೀರ್ಘಕಾಲದ್ದಾದ್ದರಿಂದ ಎರಡೂ ಸರಿ. ಹೋದ ವರ್ಷದ ಮೋಸ ಈ ವರ್ಷದ ನಂಬಿಕೆಯನ್ನು ಇಳಿಸುತ್ತದೆ. ಈ ವರ್ಷದ ನಂಬಿಕೆ ಮುಂದಿನ ವರ್ಷದ ಮೋಸವನ್ನು ತಡೆಯುತ್ತದೆ.

ಹಾಗಂತ ವರ್ಷ ಕಳೆದಂತೆ ಎಲ್ಲ ಸುರಕ್ಷಿತ ಅಂತ ಬರೆಯಬೇಡಿ. ನಂಬಿಕೆ ಬೆಳೆದಂತೆ ಲೆಕ್ಕ ಪರಿಶೀಲಿಸುವುದು ಕಡಿಮೆಯಾಗುತ್ತದೆ, ಕಟ್ಟುಬಿದ್ದ ಆ 30 ಮಾತ್ರ ಸುಮ್ನೆ ಬೆಳೆಯುತ್ತಲೇ ಹೋಗುತ್ತದೆ. ಹತ್ತು ವರ್ಷದ ಸಂಬಂಧಕ್ಕೂ ನೀರುಪಾಲಿನ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು.