ಕಾಯ್ದೆ ಬಂತು, ಜಾರಿ ಮಾಡುವವರು ಯಾರು?

ಕಾಯ್ದೆಯೊಂದು ಅಂಗೀಕಾರವಾದರೆ ಹೋರಾಟ ಮುಗಿಯಿತೆಂದು ನಂಬಿದ ಕಕ್ಷಿದಾರರು, ಕಾರ್ಮಿಕ ಸಂಘಗಳ ಪರ ವಕಾಲತ್ತು ವಹಿಸುವ ನನಗೆ ಪದೇ ಪದೇ ಎದುರಾಗುತ್ತಾರೆ. ಸಿಹಿ ಹಂಚಲು ಹೊರಟವರನ್ನು ತಡೆದು, ‘ತಪಾಸಣೆಗೆ ಹೋಗುವ ಅಧಿಕಾರಿ ಯಾರು? ಮೊಕದ್ದಮೆ ಹೂಡುವ ಅಧಿಕಾರ ಯಾರ ಕೈಯಲ್ಲಿದೆ?’ ಎಂದು ಕೇಳಿದರೆ ಅವರ ಮುಖ ಬಾಡುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತವರ ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಅಮೆರಿಕದ ಇಲಿನಾಯ್ ರಾಜ್ಯದ 1893ರ ಕಾರ್ಖಾನೆ ಕಾಯ್ದೆಗೆ ಏನಾಯಿತೆಂದು ಹೇಳದೆ ನಾನು ಅವರನ್ನು ಕಳುಹಿಸುವುದಿಲ್ಲ.

ಷಿಕಾಗೋದ ಬಡವರ ನಡುವೆ ನೆಲೆಸಿ ಸೇವೆ ಸಲ್ಲಿಸುವವರ ಕೇಂದ್ರವಾದ ಹಲ್ ಹೌಸ್‌ನಲ್ಲಿ ವಾಸವಾಗಿದ್ದ ಸಮಾಜ ಸುಧಾರಕಿ ಫ್ಲಾರೆನ್ಸ್ ಕೆಲಿ, ಸುತ್ತಲಿನ ಇಕ್ಕಟ್ಟಾದ ಮನೆಗಳಲ್ಲೇ ನಡೆಯುತ್ತಿದ್ದ ಬಟ್ಟೆ ಹೊಲಿಗೆಯ ಕೆಲಸವನ್ನು ಕಣ್ಣಾರೆ ಕಂಡು ದಾಖಲಿಸಿದ್ದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ತಯಾರಿಕಾ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿ, ಮಹಿಳೆಯರ ದುಡಿಮೆಯನ್ನು ದಿನಕ್ಕೆ ಎಂಟು ಗಂಟೆಗೆ ಮಿತಿಗೊಳಿಸಿದ ಆ ಕಾಯ್ದೆ ಬಂದಾಗ, ಗವರ್ನರ್ ಆಲ್ಟ್‌ಗೆಲ್ಡ್ ಕೆಲಿಯವರನ್ನೇ ಮುಖ್ಯ ಕಾರ್ಖಾನೆ ನಿರೀಕ್ಷಕರನ್ನಾಗಿ ನೇಮಿಸಿದರು. ಇಡೀ ರಾಜ್ಯಕ್ಕೆ ಅವರ ಕೈಕೆಳಗೆ ಇದ್ದವರು 11 ಮಂದಿ. ಉಲ್ಲಂಘನೆಯನ್ನು ಪತ್ತೆಹಚ್ಚಿ ಕೊಟ್ಟರೂ ಸರ್ಕಾರಿ ವಕೀಲರು ಮೊಕದ್ದಮೆ ಹೂಡಲು ಒಪ್ಪದಿದ್ದಾಗ, ಕೆಲಿ ತಾವೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಪದವಿ ಪಡೆದರು. ನಮ್ಮ ವೃತ್ತಿಗೆ ಇದಕ್ಕಿಂತ ಯೋಗ್ಯವಾದ ಕಾರಣಕ್ಕೆ ಬಂದವರನ್ನು ನಾನು ಕಾಣೆ.

1895ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್, ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆಂದು ಎಂಟು ಗಂಟೆಯ ಕಲಮನ್ನು ರದ್ದುಗೊಳಿಸಿತು. ಮಕ್ಕಳ ದುಡಿಮೆ ಕುರಿತ ನಿಷೇಧ ಮಾತ್ರ ಉಳಿಯಿತು. ನನ್ನ ಕಕ್ಷಿದಾರರು ಗಮನಿಸಬೇಕಾದದ್ದು ಇದರ ನಂತರದ ಘಟನೆಯನ್ನು. ಆಲ್ಟ್‌ಗೆಲ್ಡ್ 1896ರ ಚುನಾವಣೆಯಲ್ಲಿ ಸೋತರು, ಹೊಸ ಗವರ್ನರ್ 1897ರಲ್ಲಿ ಕೆಲಿಯವರನ್ನು ತೆಗೆದುಹಾಕಿದರು. ಅವರ ಜಾಗಕ್ಕೆ ಬಂದವರು, ಹುಡುಗರನ್ನು ಹೇರಳವಾಗಿ ದುಡಿಸುತ್ತಿದ್ದ ಆಲ್ಟನ್ ಪಟ್ಟಣದ ಗಾಜಿನ ಕಾರ್ಖಾನೆಯೊಂದರಲ್ಲಿ ಬಹುಕಾಲ ನೌಕರರಾಗಿದ್ದವರು. ಈ ಬದಲಾವಣೆಗೆ ಶಾಸನಸಭೆಯಲ್ಲಿ ತಿದ್ದುಪಡಿಯೂ ಬೇಕಾಗಲಿಲ್ಲ, ನ್ಯಾಯಾಲಯದ ತೀರ್ಪೂ ಬೇಕಾಗಲಿಲ್ಲ. ಮಕ್ಕಳನ್ನು ರಕ್ಷಿಸಬೇಕಾದ ಕಲಮುಗಳು ಪುಸ್ತಕದಲ್ಲಿ ಹಾಗೆಯೇ ಇದ್ದವು, ಕಾರ್ಖಾನೆಯ ಬಾಗಿಲು ತಟ್ಟುವ ಕೈ ಮಾತ್ರ ಬೇರೆಯಾಗಿತ್ತು.

ಒಂದು ರಾಜ್ಯದ ಅನುಭವವನ್ನು ಮತ್ತೊಂದು ಕಾಲಕ್ಕೆ, ಮತ್ತೊಂದು ಸಂವಿಧಾನಕ್ಕೆ ನೇರವಾಗಿ ಅನ್ವಯಿಸಬಾರದೆಂಬ ಎಚ್ಚರ ನನಗಿದೆ. ತಪಾಸಣೆಯಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದೂ ನಾನು ಹೇಳಲಾರೆ. ಆದರೆ ಕೆಲಿಯವರು ತಮಗಾದ ಅನುಭವವನ್ನು ಮರೆಯಲಿಲ್ಲ. 1899ರಲ್ಲಿ ರಾಷ್ಟ್ರೀಯ ಗ್ರಾಹಕರ ಸಂಘದ ಹೊಣೆ ಹೊತ್ತ ಮೇಲೆ, ಹೆಂಗಸರ ಮತ್ತು ಮಕ್ಕಳ ಒಳಉಡುಪುಗಳಿಗೆ ನ್ಯಾಯಯುತ ಸ್ಥಿತಿಯಲ್ಲಿ ತಯಾರಾದವೆಂಬ ಗುರುತಾಗಿ ಸಂಘವು ನೀಡುತ್ತಿದ್ದ ಬಿಳಿ ಲೇಬಲ್, ಕಾರ್ಖಾನೆಯ ಒಳಹೊಕ್ಕು ತಪಾಸಣೆ ಮಾಡಿದ ನಂತರವೇ ತಯಾರಕರ ಕೈಸೇರುತ್ತಿತ್ತು.