ಇಲಿ ಸತ್ತ ಮೇಲೆ ವಿಷ ಎಲ್ಲಿಗೆ ಹೋಗುತ್ತದೆ?

ಹಸಿರು ಬಣ್ಣದ ಒಂದು ಗುಳಿಗೆ. ಗಾತ್ರ ಹೆಬ್ಬೆರಳಿನ ತುದಿಯಷ್ಟು. ಧಾನ್ಯದ ಹಿಟ್ಟನ್ನು ಒತ್ತಿ ಮಾಡಿದ್ದು. ಹತ್ತಿರ ಹೋದರೆ ದಾಲ್ಚಿನ್ನಿಯ ವಾಸನೆ. ತೂಕ 12 ಗ್ರಾಂ, ಅದರಲ್ಲಿ ವಿಷ ಬರೀ 18 ಮಿಲಿಗ್ರಾಂ. ನ್ಯೂಜಿಲೆಂಡಿನ ಕಾಡುಗಳ ಮೇಲೆ ಹೆಲಿಕಾಪ್ಟರಿನಿಂದ ಉದುರಿಸುವುದು ಇದನ್ನೇ. ಹಸಿರು ಯಾಕೆ ಅಂದರೆ, ಆ ಬಣ್ಣದ ತಿನಿಸು ಹಕ್ಕಿಗಳಿಗೆ ಅಷ್ಟಾಗಿ ಹಿಡಿಸುವುದಿಲ್ಲ. ದಾಲ್ಚಿನ್ನಿ ಯಾಕೆ ಅಂದರೆ, ವಿಷದ ವಾಸನೆ ಮುಚ್ಚಿಹೋಗಬೇಕು. ವಿಷದ ಹೆಸರು ಸೋಡಿಯಂ ಫ್ಲೋರೋಅಸಿಟೇಟ್. ಜನ ಕರೆಯುವುದು ಮಾತ್ರ ‘ಟೆನ್ ಎಯ್ಟಿ’ ಎಂದು. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಇಲಿವಿಷಗಳ ಪರೀಕ್ಷೆ ನಡೆದಾಗ ಇದಕ್ಕೆ ಕೊಟ್ಟ ಕ್ರಮಸಂಖ್ಯೆ 1080. ಅದೇ ಹೆಸರಾಗಿ ಉಳಿದುಬಿಟ್ಟಿತು.

ಈ ಗುಳಿಗೆಯ ಬಗ್ಗೆ ಅಲ್ಲಿ ದಶಕಗಳಿಂದ ಜಗಳ. ಕಾಡು ಉಳಿಸುವ ಮದ್ದು ಅಂತ ಒಂದು ಕಡೆಯವರು. ಆಕಾಶದಿಂದ ವಿಷದ ಮಳೆ ಅಂತ ಇನ್ನೊಂದು ಕಡೆಯವರು. ಜಗಳ ಎಷ್ಟು ಬಿಸಿ ಅಂದರೆ, 2014ರಲ್ಲಿ ಒಬ್ಬ ಮನುಷ್ಯ 1080 ಬೆರೆಸಿದ ಹಾಲಿನ ಪುಡಿಯ ಪೊಟ್ಟಣಗಳನ್ನು ಅಂಚೆಯಲ್ಲಿ ಕಳಿಸಿ, ಈ ವಿಷ ನಿಲ್ಲಿಸದಿದ್ದರೆ ಮಕ್ಕಳ ಹಾಲಿನ ಪುಡಿಗೆ ಇದನ್ನು ಸೇರಿಸುತ್ತೇನೆ ಎಂದು ಬೆದರಿಸಿದ. ಅವನಿಗೆ ಜೈಲಾಯಿತು, ಜಗಳ ಮುಗಿಯಲಿಲ್ಲ.

ಈ ವಾದಗಳನ್ನು ಓದುವಾಗ ನನಗೆ ಸಿಟ್ಟು ಬರುವುದು ಒಂದೇ ಮಾತಿಗೆ: ‘ವಿಷ ಅಂದ್ರೆ ವಿಷ, ಅದರಲ್ಲೇನು ವ್ಯತ್ಯಾಸ?’ ವ್ಯತ್ಯಾಸ ಇರುವುದೇ ಅಲ್ಲಿ. ವಿಷ ಒಂದು ಪ್ರಾಣಿಯನ್ನು ಕೊಲ್ಲುತ್ತದೆ ಅನ್ನುವುದು ಅರ್ಧ ಕಥೆ. ಆ ಪ್ರಾಣಿ ಸತ್ತ ಮೇಲೆ ವಿಷ ಎಲ್ಲಿ ಹೋಯಿತು? ಅದರ ಹೆಣ ಯಾರು ತಿಂದರು? ಮಣ್ಣಿಗೆ ಬಿದ್ದದ್ದು ಏನಾಯಿತು? ಈ ಮೂರು ಪ್ರಶ್ನೆ ಕೇಳದೆ ಪರವಾಗಿಯೋ ವಿರೋಧವಾಗಿಯೋ ಕೂಗಿದರೆ ಸುಮ್ನೆ ಗದ್ದಲ ಅಷ್ಟೆ.

ಮೊದಲು ಹಿನ್ನೆಲೆ, ಬೇಗ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ನೆಲದಲ್ಲಿ ಮೂಲತಃ ಇದ್ದ ಸಸ್ತನಿಗಳು ಬಾವಲಿಗಳು ಮಾತ್ರ. ಹಾಗಾಗಿ ಅಲ್ಲಿನ ಹಕ್ಕಿಗಳು ನೆಲದಲ್ಲಿ ಗೂಡು ಕಟ್ಟಿಕೊಂಡು, ಕೆಲವು ಹಾರುವುದನ್ನೇ ಮರೆತು, ನೆಮ್ಮದಿಯಾಗಿದ್ದವು. ಇಲಿಗಳು ದೋಣಿ, ಹಡಗು ಹತ್ತಿ ಬಂದವು. ತುಪ್ಪಳದ ವ್ಯಾಪಾರಕ್ಕೆಂದು 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಪಾಸಮ್ ಎಂಬ ಮರ ಹತ್ತುವ ಪ್ರಾಣಿಯನ್ನು ತಂದರು. ಮೊಲ ಜಾಸ್ತಿಯಾಯಿತು ಅಂತ 1880ರ ದಶಕದಲ್ಲಿ ಸ್ಟೋಟ್‌ಗಳನ್ನು ತಂದು ಬಿಟ್ಟರು. ನೋಡಲು ಮುಂಗುಸಿಯ ಹಾಗಿರುವ ಇವು ಮೊಲ ಬಿಟ್ಟು ಹಕ್ಕಿಮರಿಗಳ ಹಿಂದೆ ಬಿದ್ದವು. ಪಾಸಮ್ ಬರೀ ಎಲೆ ತಿನ್ನುತ್ತದೆ ಅಂತ ಬಹಳ ಕಾಲ ನಂಬಿದ್ದರು. 1990ರ ದಶಕದಲ್ಲಿ ಕೊಕಾಕೊ ಎಂಬ ಅಪರೂಪದ ಹಕ್ಕಿಯ ಗೂಡಿನ ಮುಂದೆ ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟಾಗ ಆ ನಂಬಿಕೆ ಮುರಿಯಿತು. ಪಾಸಮ್ ಗೂಡಿಗೆ ಕೈ ಹಾಕಿ ಮೊಟ್ಟೆಯನ್ನೂ ಮರಿಯನ್ನೂ ತಿನ್ನುವುದು ಚಿತ್ರದಲ್ಲಿ ಸಿಕ್ಕಿತು. ದನಗಳಿಗೆ ಕ್ಷಯರೋಗ ಹರಡುವುದರಲ್ಲೂ ಪಾಸಮ್ ಪಾಲು ದೊಡ್ಡದು. ಕಾವಲಿಲ್ಲದ ಕಾಡುಗಳಲ್ಲಿ ಕಿವಿ ಹಕ್ಕಿಯ ನೂರು ಮರಿ ಹುಟ್ಟಿದರೆ ದೊಡ್ಡದಾಗುವವರೆಗೆ ಉಳಿಯುವುದು ಸುಮಾರು ಐದು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. 1080 ಕೊಲ್ಲುವುದು ಹೇಗೆ?

ನಮ್ಮ ಜೀವಕೋಶದ ಒಳಗೆ ಒಂದು ಚಕ್ರ ಸುತ್ತುತ್ತಲೇ ಇರುತ್ತದೆ. ಹಾನ್ಸ್ ಕ್ರೆಬ್ಸ್ 1937ರಲ್ಲಿ ಬಿಡಿಸಿ ತೋರಿಸಿದ್ದರಿಂದ ಅದಕ್ಕೆ ಕ್ರೆಬ್ಸ್ ಚಕ್ರ ಅಂತ ಹೆಸರು. ಏನೇ ತಿಂದರೂ ಅದರ ಬಹುಪಾಲು ಕೊನೆಗೆ ಎರಡು ಇಂಗಾಲದ ಒಂದು ಚಿಕ್ಕ ತುಂಡಾಗಿ ಈ ಚಕ್ರಕ್ಕೆ ಬಂದು ಬೀಳುತ್ತದೆ. ಆ ತುಂಡೇ ಅಸಿಟೇಟ್. ಚಕ್ರ ಅದನ್ನು ಹಿಡಿದು ಸಿಟ್ರೇಟ್ ಮಾಡುತ್ತದೆ. ಮುಂದಿನ ಮೆಟ್ಟಿಲಲ್ಲಿ ಅಕೊನಿಟೇಸ್ ಎಂಬ ಕಿಣ್ವ ಸಿಟ್ರೇಟನ್ನು ತಿರುಗಿಸಿ ಮುಂದಕ್ಕೆ ದಾಟಿಸುತ್ತದೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಶಕ್ತಿ ಹುಟ್ಟುತ್ತದೆ.

1080ರಲ್ಲಿ ಇರುವುದೂ ಅಸಿಟೇಟೇ. ಒಂದೇ ಒಂದು ಹೈಡ್ರೋಜನ್ ಪರಮಾಣು ಇರಬೇಕಾದ ಜಾಗದಲ್ಲಿ ಫ್ಲೋರಿನ್ ಪರಮಾಣು ಕೂತಿದೆ. ಫ್ಲೋರಿನ್ ಗಾತ್ರದಲ್ಲಿ ಹೈಡ್ರೋಜನ್‌ಗಿಂತ ಸ್ವಲ್ಪವೇ ದೊಡ್ಡದು. ಬಾಗಿಲು ಕಾಯುವ ಕಿಣ್ವಕ್ಕೆ ಗುರುತು ಸಿಗುವುದಿಲ್ಲ. ಮನೆಯವನೇ ಅಂದುಕೊಂಡು ಒಳಗೆ ಬಿಡುತ್ತದೆ. ಅದರಿಂದ ಸಿಟ್ರೇಟ್ ಬದಲು ಫ್ಲೋರೋಸಿಟ್ರೇಟ್ ತಯಾರಾಗುತ್ತದೆ. ಅದು ಅಕೊನಿಟೇಸ್‌ಗೆ ಸಿಕ್ಕಿಕೊಂಡಿತೋ, ಮತ್ತೆ ಬಿಡುವುದಿಲ್ಲ. ಬೀಗದೊಳಗೆ ಮುರಿದು ಉಳಿದ ಕೀಲಿಯ ಹಾಗೆ. ಅಥವಾ ಸುತ್ತುವ ಗಾಣದ ಹಲ್ಲಿನ ನಡುವೆ ಕಲ್ಲು ಸಿಕ್ಕಿದ ಹಾಗೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ, ಖೋಟಾ ನಾಣ್ಯವನ್ನು ನಾಣ್ಯ ನುಂಗುವ ಯಂತ್ರಕ್ಕೆ ಹಾಕಿದಂತೆ: ಬಾಯಿ ಅದನ್ನು ಒಪ್ಪಿಕೊಳ್ಳುತ್ತದೆ, ಗಂಟಲಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಹಿಂದೆ ಬರುವ ಒಳ್ಳೆಯ ನಾಣ್ಯಗಳೂ ಅಲ್ಲೇ ನಿಲ್ಲುತ್ತವೆ. ಸಿಟ್ರೇಟ್ ರಾಶಿ ಬೀಳುತ್ತದೆ, ಶಕ್ತಿ ಹುಟ್ಟುವುದು ನಿಲ್ಲುತ್ತದೆ. ಹೆಚ್ಚು ಶಕ್ತಿ ಬೇಕಾದ ಹೃದಯ, ಮಿದುಳು ಮೊದಲು ಸೋಲುತ್ತವೆ.

ಗಮನಿಸಿ, ಗುಳಿಗೆಯಲ್ಲಿದ್ದ ವಸ್ತು ಕೊಲ್ಲಲಿಲ್ಲ. ಅದನ್ನು ಬಳಸಿ ದೇಹವೇ ಕೊಲ್ಲುವ ವಸ್ತುವನ್ನು ತಯಾರಿಸಿತು. ಇದನ್ನು ಬಯಲಿಗೆ ತಂದವರು ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್. ಅವರು ಇದಕ್ಕಿಟ್ಟ ಹೆಸರನ್ನು ಕನ್ನಡದಲ್ಲಿ ‘ಸಾವಿನ ತಯಾರಿಕೆ’ ಅನ್ನಬಹುದು. ತಯಾರಾಗಲು ಸಮಯ ಬೇಕು, ಅದಕ್ಕೇ ವಿಷ ತಿಂದ ಪ್ರಾಣಿ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಏನೂ ಆಗದಂತೆ ಓಡಾಡುತ್ತದೆ. ಅಷ್ಟರಲ್ಲಿ ಬೇಕಾದಷ್ಟು ತಿಂದುಬಿಟ್ಟಿರುತ್ತದೆ. ಕಡಿಮೆ ತಿಂದು ಬದುಕಿ ಉಳಿದದ್ದು ಮಾತ್ರ ಇನ್ನೊಮ್ಮೆ ಗುಳಿಗೆಯ ಹತ್ತಿರ ಸುಳಿಯುವುದಿಲ್ಲ. ಹೀಗಾಗಿ ವಿಷವಿಲ್ಲದ ಗುಳಿಗೆಗಳನ್ನು ಮೊದಲು ಉದುರಿಸಿ, ರುಚಿ ಹತ್ತಿಸಿ, ಆಮೇಲೆ ವಿಷದ್ದನ್ನು ಹಾಕುತ್ತಾರೆ.

ಈ ವಿಷವನ್ನು ಮೊದಲು ಕಂಡುಹಿಡಿದದ್ದು ಮನುಷ್ಯನಲ್ಲ, ಗಿಡಗಳು. ದಕ್ಷಿಣ ಆಫ್ರಿಕಾದಲ್ಲಿ ‘ಗಿಫ್‌ಬ್ಲಾರ್’ ಎಂಬ ಕುಳ್ಳ ಗಿಡವಿದೆ. ಹೆಸರಿನ ಅರ್ಥವೇ ವಿಷದೆಲೆ. ಚಳಿಗಾಲ ಮುಗಿಯುವಾಗ ಹುಲ್ಲು ಇನ್ನೂ ಒಣಗಿರುತ್ತದೆ, ಈ ಗಿಡ ಮಾತ್ರ ಹಸಿರಾಗಿ ಚಿಗುರುತ್ತದೆ. ಹಸಿದ ದನ ನಾಲ್ಕು ಎಲೆ ತಿಂದು, ನೀರು ಕುಡಿದು, ಅಲ್ಲೇ ಬೀಳುತ್ತಿತ್ತು. ಆ ಎಲೆಯಲ್ಲಿರುವುದು ಫ್ಲೋರೋಅಸಿಟೇಟ್ ಅಂತ 1940ರ ದಶಕದ ಮೊದಲ ವರ್ಷಗಳಲ್ಲಿ ಗೊತ್ತಾಯಿತು. ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಗ್ಯಾಸ್ಟ್ರೋಲೋಬಿಯಂ ಗಿಡಗಳಲ್ಲೂ ಇದೇ ಇದೆ. ಸಾವಿರಾರು ವರ್ಷ ಈ ಗಿಡಗಳ ಜೊತೆ ಬದುಕಿದ ಅಲ್ಲಿನ ಪ್ರಾಣಿಗಳಿಗೆ ಇದು ಒಗ್ಗಿಹೋಗಿದೆ. ಅಲ್ಲಿನ ಪಾಸಮ್, ಪೂರ್ವ ಆಸ್ಟ್ರೇಲಿಯಾದ ಅದೇ ಜಾತಿಯ ಪಾಸಮ್‌ಗಿಂತ ನೂರು ಪಟ್ಟಿಗೂ ಜಾಸ್ತಿ ವಿಷ ತಡೆಯುತ್ತದೆ! ನ್ಯೂಜಿಲೆಂಡಿಗೆ ಹೋದದ್ದು ಪೂರ್ವದ ಕಡೆಯ ಪಾಸಮ್. ಅಂದು ಹಡಗು ಹತ್ತಿಸಿದ್ದು ನೈಋತ್ಯದ ಪ್ರಾಣಿಯಾಗಿದ್ದರೆ ಈ ಜಗಳವೇ ಇರುತ್ತಿರಲಿಲ್ಲ, ಯಾಕಂದ್ರೆ 1080 ಕೆಲಸಕ್ಕೇ ಬರುತ್ತಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದವರು ಇದನ್ನೇ ಚೆನ್ನಾಗಿ ಬಳಸಿಕೊಂಡರು. ಯುರೋಪಿನಿಂದ ಬಂದ ನರಿಗೆ ಈ ವಿಷದ ಅಭ್ಯಾಸವಿಲ್ಲ, ಸ್ಥಳೀಯ ಪ್ರಾಣಿಗಳಿಗಿದೆ. 1996ರಿಂದ ದೊಡ್ಡ ಪ್ರಮಾಣದಲ್ಲಿ ನರಿಗಳಿಗೆ 1080 ಇಡುತ್ತಿದ್ದಾರೆ.

ಗಿಡದ್ದು ಅಂದಮೇಲೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಆ ತಪ್ಪು ಮಾಡಬೇಡಿ. ಗಿಡಗಳು ಮಾಡುವ ವಿಷ ಕಾರ್ಖಾನೆಯದ್ದಕ್ಕಿಂತ ಮೃದು ಅಲ್ಲ. ಇಲ್ಲಿ ಮುಖ್ಯ ವಿಷಯ ಬೇರೆ. ಗಿಡದಲ್ಲಿ ಇರುವ ವಸ್ತುವನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇರುತ್ತವೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಕೊಂಡಿ ಸಾವಯವ ರಸಾಯನದ ಅತಿ ಗಟ್ಟಿ ಕೊಂಡಿಗಳಲ್ಲಿ ಒಂದು. ಅದನ್ನೂ ಕತ್ತರಿಸುವ ಕಿಣ್ವ ಈ ಬ್ಯಾಕ್ಟೀರಿಯಾಗಳ ಬಳಿ ಇದೆ. ಮಳೆಗೆ ಗುಳಿಗೆ ಕರಗಿ ಮಣ್ಣಿಗಿಳಿದರೆ ಇವು ಅದನ್ನು ಒಡೆದು ತಿಂದು ಮುಗಿಸುತ್ತವೆ. ತೊರೆಗೆ ಬಿದ್ದದ್ದು ನೀರಲ್ಲಿ ತೆಳುವಾಗಿಹೋಗುತ್ತದೆ. ‘ನೀರು ಶಾಶ್ವತವಾಗಿ ಕೆಟ್ಟಿತು’ ಎಂಬ ಮಾತಿಗೆ ಆಧಾರ ಇಲ್ಲ.

ಆದರೆ ಚಳಿ, ಒಣ ನೆಲದಲ್ಲಿ ಈ ಕೆಲಸ ನಿಧಾನ. ಸತ್ತ ಪ್ರಾಣಿಯ ಹೆಣದೊಳಗೆ ವಿಷ ತಿಂಗಳುಗಟ್ಟಲೆ ಉಳಿಯಬಹುದು. ನಾಯಿಗೆ ಇದು ಪಾಸಮ್‌ಗಿಂತ ಸುಮಾರು ಹತ್ತು ಪಟ್ಟು ಕಟು. ಹೆಣ ಕಚ್ಚಿದ ಸಾಕುನಾಯಿ ಸೆಳೆತ ಬಂದು ಸಾಯುತ್ತದೆ, ನಂಬಿಕೆಯ ಪ್ರತಿವಿಷ ಇಲ್ಲ. ಕಣ್ಣೆದುರೇ ನಾಯಿ ಕಳೆದುಕೊಂಡವರು ಈ ವಿಷವನ್ನು ವಿರೋಧಿಸಿದರೆ ಅವರನ್ನು ಮೂಢರು ಅನ್ನುವುದು ಅನ್ಯಾಯ.

ಹೆಣದ ಮೂಲಕ ಹರಡುವ ಈ ಗುಣವೇ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಸ್ಟೋಟ್ ಹಿಟ್ಟಿನ ಗುಳಿಗೆ ಮುಟ್ಟುವುದಿಲ್ಲ. ವಿಷ ತಿಂದ ಇಲಿಯನ್ನು ತಿಂದೇ ಅದು ಸಾಯುವುದು.

ಈಗ ಇನ್ನೊಂದು ವಿಷದ ಕಥೆ. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಿಮಗಾಳಿ ಬೀಸುತ್ತಿದ್ದಾಗ ರೈತನೊಬ್ಬ ಲಾರಿ ಹೊಡೆದುಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಜೊತೆಗೆ ಸತ್ತ ಕರು, ಒಂದಷ್ಟು ಒಣ ಮೇವು, ಮತ್ತು ಹಾಲಿನ ಕ್ಯಾನ್ ತುಂಬ ರಕ್ತ. ಎಷ್ಟು ಹೊತ್ತಾದರೂ ಆ ರಕ್ತ ಹೆಪ್ಪುಗಟ್ಟಿರಲಿಲ್ಲ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ತಂಡ ವರ್ಷಗಟ್ಟಲೆ ಕೂತು ಆ ಮೇವಿನಿಂದ ಕಾರಣ ಹೆಕ್ಕಿದರು. ಅದರ ದಾರಿಯಲ್ಲೇ ಬಂದದ್ದು ವಾರ್ಫರಿನ್, 1948ರಲ್ಲಿ ಇಲಿವಿಷವಾಗಿ ಮಾರುಕಟ್ಟೆಗೆ. ಕೆಲವೇ ವರ್ಷಗಳಲ್ಲಿ ಅದೇ ವಸ್ತು ಮನುಷ್ಯರ ರಕ್ತ ತೆಳುಮಾಡುವ ಔಷಧವಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನು ಕೊಟ್ಟರು.

ಹತ್ತೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಇಲಿಗಳು ವಾರ್ಫರಿನ್ ತಿಂದು ಅರಗಿಸಿಕೊಳ್ಳತೊಡಗಿದವು. ಹಾಗಾಗಿ ಇನ್ನೂ ಗಟ್ಟಿ ಸರಕು ಬಂತು: ಬ್ರೋಡಿಫಕೂಮ್, ಬ್ರೋಮಡಯೋಲೋನ್. ಒಂದೇ ಸಲ ತಿಂದರೆ ಸಾಕು. ಆದರೆ ಇವು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಕೂರುತ್ತವೆ. 1080 ಹಾಗಲ್ಲ, ಬದುಕುಳಿದ ಪ್ರಾಣಿಯ ಮೈಯಿಂದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ. ಬ್ರೋಡಿಫಕೂಮ್ ತಿಂದ ಇಲಿಯನ್ನು ಗೂಬೆ ಇಂದೊಂದು, ಮುಂದಿನ ವಾರವೊಂದು ಹಿಡಿದರೆ ವಿಷ ಸೇರುತ್ತಲೇ ಹೋಗುತ್ತದೆ. ಇಲಿ ಸಾಯಲು ಕೆಲವು ದಿನ ಬೇಕು, ಅಷ್ಟೂ ದಿನ ಅದು ಬೇಟೆಗೆ ಸುಲಭ. ಇದಕ್ಕೆ ವಿಟಮಿನ್ ಕೆ ಎಂಬ ಪ್ರತಿವಿಷವಿದೆ ನಿಜ, ಆದರೆ ಕಾಡಿನ ಗೂಬೆಗೆ ಅದನ್ನು ಕೊಡುವವರು ಯಾರು?

ಒಂದು ವಿಚಿತ್ರ ನೋಡಿ. ಕಾಡಿನಲ್ಲಿ 1080ಕ್ಕೆ ಎಲ್ಲರೂ ಬೈಯುತ್ತಾರೆ. ಜಗತ್ತಿನ ಎಷ್ಟೋ ಮನೆಗಳಲ್ಲಿ ಬ್ರೋಡಿಫಕೂಮ್ ಗುಂಪಿನ ಇಲಿವಿಷ ಯಾರೂ ಪ್ರಶ್ನಿಸದೆ ಮೂಲೆಯಲ್ಲಿರುತ್ತದೆ. ನನ್ನ ಮಟ್ಟಿಗೆ ಹೆಚ್ಚು ಚಿಂತೆಯ ವಿಷ ಎರಡನೆಯದು.

ಹಾಗಾದರೆ ಅದನ್ನು ಬಳಸಲೇಬಾರದಾ? ದ್ವೀಪಗಳ ಲೆಕ್ಕ ಬೇರೆ. ದಕ್ಷಿಣ ಅಟ್ಲಾಂಟಿಕ್ಕಿನ ಸೌತ್ ಜಾರ್ಜಿಯಾದಲ್ಲಿ 2011ರಿಂದ 2015ರೊಳಗೆ ಮೂರು ಹಂತದಲ್ಲಿ ಬ್ರೋಡಿಫಕೂಮ್ ಉದುರಿಸಿದರು. ಕೆಲವು ಬಾತುಗಳೂ ಸತ್ತವು. 2018ರಲ್ಲಿ ದ್ವೀಪದಲ್ಲಿ ಇಲಿಯಿಲ್ಲ ಎಂದು ಸಾರಿದರು, ಹಾಡುಹಕ್ಕಿಗಳು ಮರಳಿದವು. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ 2019ರಲ್ಲಿ ವಿಷ ಹಾಕುವ ಮೊದಲೇ ಹಾರಲಾರದ ವುಡ್‌ಹೆನ್ ಹಕ್ಕಿಗಳನ್ನು ಹಿಡಿದು ಜೋಪಾನ ಮಾಡಿ, ಆಮೇಲೆ ಬಿಟ್ಟರು. ಅವುಗಳ ಸಂಖ್ಯೆ ಹೆಚ್ಚಿತು. ದಕ್ಷಿಣ ಅಟ್ಲಾಂಟಿಕ್ಕಿನದೇ ಆದ ಗಾಫ್ ದ್ವೀಪದಲ್ಲಿ ಮಾತ್ರ ಸೋಲು. ಅಲ್ಲಿ ಮನೆಯಿಲಿಗಳು ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಮರಿಗಳನ್ನು ಜೀವಂತ ಕಚ್ಚಿ ತಿನ್ನುತ್ತವೆ. 2021ರಲ್ಲಿ ವಿಷ ಹಾಕಿದರು. ಅದೇ ಡಿಸೆಂಬರಿನಲ್ಲಿ ಒಂದು ಇಲಿ ಮತ್ತೆ ಕಾಣಿಸಿತು. ಒಂದು ಸಲ ಹಾಕಿ ಪೂರ್ತಿ ಮುಗಿಸುವುದಾದರೆ ಉಳಿದುಕೊಳ್ಳುವ ವಿಷದ ಅಪಾಯ ಹೊರಬಹುದು. ಪ್ರತಿ ವರ್ಷ ಹಾಕುತ್ತಲೇ ಇರುವುದಾದರೆ ಹೊರಲಾಗದು.

ನ್ಯೂಜಿಲೆಂಡಿನ ದೊಡ್ಡ ಕಾಡುಗಳಲ್ಲಿ ಪೂರ್ತಿ ಮುಗಿಯುವುದಿಲ್ಲ. 1080 ಹಾಕಿದ ಮೇಲೆ ಪಾಸಮ್ ವರ್ಷಗಟ್ಟಲೆ ಕಡಿಮೆಯಿರುತ್ತವೆ, ಇಲಿಗಳು ಬೇಗ ಮರಳುತ್ತವೆ. ತಿನಿಸಿಗೆ ಪೈಪೋಟಿ ಕೊಡುವ ಪಾಸಮ್ ಇಲ್ಲದ್ದರಿಂದ ಇಲಿಗಳು ಕೆಲವೊಮ್ಮೆ ಮೊದಲಿಗಿಂತ ಜಾಸ್ತಿಯೇ ಆಗುತ್ತವೆ. ಇದು ವಿರೋಧಿಗಳು ಎತ್ತುವ ಅತ್ಯಂತ ಗಟ್ಟಿ ಪ್ರಶ್ನೆ. ಕಿಯಾ ಎಂಬ ಚುರುಕು ಗಿಳಿಗಳೂ ಸಾಯುತ್ತವೆ, ಮನುಷ್ಯರ ತಿಂಡಿ ಹೆಕ್ಕಿ ರೂಢಿಯಾದವು ಹೆಚ್ಚಾಗಿ. ಅದೇ ಕಾಡಿನಲ್ಲಿ ಸ್ಟೋಟ್ ಕಡಿಮೆಯಾಗಿ ಕಿಯಾ ಗೂಡುಗಳು ಉಳಿಯುತ್ತವೆ. ಪಾಸಮ್ ಸಾಯಲು ಹಲವು ಗಂಟೆ ಒದ್ದಾಡುತ್ತದೆ, ಅದನ್ನು ಮರೆಮಾಚಬಾರದು. 2011ರಲ್ಲಿ ಆ ದೇಶದ ಸಂಸತ್ತಿನ ಪರಿಸರ ಆಯುಕ್ತೆ ಜಾನ್ ರೈಟ್ ಎಲ್ಲವನ್ನೂ ತೂಗಿ, 1080 ನಿಲ್ಲಿಸಬಾರದು ಎಂದೇ ವರದಿ ಕೊಟ್ಟರು. ಬೋನು ಹೊತ್ತು ಹತ್ತಲಾಗದ ಬೆಟ್ಟಗಳಿಗೆ ಬೇರೆ ದಾರಿ ಸದ್ಯ ಇಲ್ಲ ಅನ್ನುವುದು ನನಗೂ ಸರಿ ಅನ್ನಿಸುತ್ತದೆ.

ಯಾವಾಗ ಹಾಕಬೇಕು ಅನ್ನುವುದನ್ನು ಈಗ ಮರಗಳೇ ಹೇಳುತ್ತವೆ. ಅಲ್ಲಿನ ಬೀಚ್ ಮರಗಳು ಕೆಲವು ವರ್ಷಕ್ಕೊಮ್ಮೆ ಒಟ್ಟಿಗೇ ಬೀಜ ಸುರಿಸುತ್ತವೆ. ಬೀಜ ಜಾಸ್ತಿಯಾದರೆ ಇಲಿ ಜಾಸ್ತಿ, ಇಲಿ ಜಾಸ್ತಿಯಾದರೆ ಸ್ಟೋಟ್ ಜಾಸ್ತಿ. ಬೀಜ ಖಾಲಿಯಾದ ದಿನ ಎಲ್ಲವೂ ಗೂಡುಗಳ ಕಡೆ ತಿರುಗುತ್ತವೆ. ಅದಕ್ಕೇ ಬೇಸಿಗೆಯ ಕೊನೆಗೆ ಸಿಬ್ಬಂದಿ ಹೆಲಿಕಾಪ್ಟರಿನಲ್ಲಿ ಹೋಗಿ ಮರಗಳ ತುದಿಯಿಂದ ಕೊಂಬೆ ಕತ್ತರಿಸಿ ತರುತ್ತಾರೆ. ಮೇಜಿನ ಮೇಲೆ ಹರಡಿ ಕಾಯಿ ಎಣಿಸುತ್ತಾರೆ. ಎಣಿಕೆ ಕಡಿಮೆ ಬಂದರೆ ಆ ವರ್ಷ ಅಷ್ಟು ಅವಸರವಿಲ್ಲ. ಎಣಿಕೆ ಏರಿದರೆ ಹಸಿರು ಗುಳಿಗೆಗಳ ತಯಾರಿ ಶುರು.